ಕಚ್ಚಿಕೊಂಡಿದ್ದ ಡ್ರೈವ್‌ಶಾಫ್ಟ್ ಬಿಡಿಸಿದ ಬಗೆ

ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಓಡಾಡುವ ನಮ್ಮ ದೋಣಿಯ ಹಿಂಬದಿಗೆ ಸಿಕ್ಕಿಸುವ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರಿಗೆ ಇಂಪೆಲ್ಲರ್ (ಎಂಜಿನ್ ತಂಪಾಗಿಸಲು ನೀರೆತ್ತುವ ಪಂಪಿನ ರಬ್ಬರ್ ಚಕ್ರ) ಬದಲಿಸಬೇಕಿತ್ತು. ಅದಕ್ಕೆ ಕೆಳಗಿನ ಗೇರ್‌ಬಾಕ್ಸ್ ಕಳಚಬೇಕು. ಬೋಲ್ಟ್‌ಗಳನ್ನೆಲ್ಲ ಬಿಚ್ಚಿ, ಗೇರಿನ ಕಡ್ಡಿ ಕಳಚಿದರೂ ಅದು ಕೂದಲೆಳೆಯಷ್ಟು ಸಂದು ಬಿಟ್ಟು ನಿಂತಿತು. ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ಒಯ್ಯುವ ಡ್ರೈವ್‌ಶಾಫ್ಟ್‌ನ ಮೇಲ್ತುದಿಯ ಹಲ್ಲುಗಳು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು.

"ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ ಸಾರ್, ಅಲ್ಯೂಮಿನಿಯಂ ಸೀಳಿಬಿಡುತ್ತದೆ" ಎಂದರು ಹಾಸನದ ಮೆಕ್ಯಾನಿಕ್. ಬಂಗಾರದಂಥ ಮಾತು. ಪೆಟ್ರೋಲ್ ಖಾಲಿ ಮಾಡಿ, ಮೋಟಾರನ್ನು ತಲೆಕೆಳಗಾಗಿ ನಿಲ್ಲಿಸಿ, ತುಕ್ಕು ಬಿಡಿಸುವ ಎಣ್ಣೆಯನ್ನು ಶಾಫ್ಟ್‌ಗುಂಟ ಇಳಿಬಿಟ್ಟು ರಾತ್ರಿಯಿಡೀ ನೆನೆಯಲು ಬಿಟ್ಟೆ. ಬೆಳಿಗ್ಗೆ ಸಂದಿನ ಎರಡೂ ಬದಿಗೆ ಮರದ ಬೆಣೆ ಕೊಟ್ಟು, ಗೇರ್ ಹಾಕಿ ಪ್ರೊಪೆಲ್ಲರನ್ನು ಹಿಂದೆ ಮುಂದೆ ಅಲುಗಿಸುತ್ತ ಸಮನಾಗಿ ತಟ್ಟಿದೆ. ಟಕ್ಕೆಂದು ಬಿಟ್ಟುಕೊಂಡಿತು, ಕೆಂಪು ಪುಡಿ ಉದುರಿತು.

ಹಲ್ಲುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಮರೈನ್ ಗ್ರೀಸ್ ತೆಳುವಾಗಿ ಸವರಿದೆ. ಶಾಫ್ಟ್‌ನ ನೆತ್ತಿಯ ಚಪ್ಪಟೆ ಮುಖಕ್ಕೆ ಮಾತ್ರ ಗ್ರೀಸ್ ಹಚ್ಚಬಾರದು. ಅದು ಒಳಗೆ ಸಿಕ್ಕಿಕೊಂಡರೆ ಶಾಫ್ಟ್ ಪೂರ್ತಿ ಕೂರುವುದಿಲ್ಲ.