ಗುನುಗಿನಿಂದ ಆರಂಭಿಸಿ: ಆಸ್ಟ್ರೇಲಿಯಾದ ಹಳೆಯ ರೇಡಿಯೊ ಕೇಂದ್ರಗಳ ನೆನಪನ್ನು ದಾಖಲಿಸುವ ಬಗೆ

ಆಸ್ಟ್ರೇಲಿಯಾದಲ್ಲಿ ಬೆಳೆದ ಹಿರಿಯರೊಬ್ಬರನ್ನು, ಬಾಲ್ಯದಲ್ಲಿ ಯಾವ ರೇಡಿಯೊ ಕೇಂದ್ರವನ್ನು ಯಾವ ಇಸವಿಯಲ್ಲಿ ಕೇಳುತ್ತಿದ್ದಿರಿ ಎಂದು ವಿಚಾರಿಸಿದರೆ ಉತ್ತರ ಬಹುಮಟ್ಟಿಗೆ ತಡವರಿಸುತ್ತದೆ. ಕಾರ್ಯಕ್ರಮ ಶುರುವಾಗುವ ಮುನ್ನ ಯಾವ ಟ್ಯೂನ್ ಬರುತ್ತಿತ್ತು ಎಂದು ಕೇಳಿ ನೋಡಿ. ಬೆರಳು ತಾನಾಗಿ ಮೇಜಿನ ಮೇಲೆ ತಾಳ ಹಾಕತೊಡಗುತ್ತದೆ. ಗುನುಗಿನ ಬೆನ್ನಿಗೇ ಅಡುಗೆಮನೆಯ ಕಪಾಟಿನ ಮೇಲಿದ್ದ ರೇಡಿಯೊ, ಊಟದ ಹೊತ್ತು, ಪಕ್ಕದಲ್ಲಿ ಕೂತವರು ಎಲ್ಲರೂ ಒಬ್ಬೊಬ್ಬರಾಗಿ ಬರುತ್ತಾರೆ. ಆದ್ದರಿಂದ ಈ ನೆನಪುಗಳನ್ನು ದಾಖಲಿಸಲು ಹೊರಟವರು ರಾಗದಿಂದ ಆರಂಭಿಸಿ, ಇಸವಿಯನ್ನು ಕೊನೆಗೆ ಹುಡುಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೂಲ ಧ್ವನಿಮುದ್ರಿಕೆಯನ್ನು ಮುಂಚಿತವಾಗಿ ಕೇಳಿಸಕೂಡದು. ಒಮ್ಮೆ ಅದು ಕಿವಿಗೆ ಬಿದ್ದರೆ, ಹಿರಿಯರ ಮನಸ್ಸಿನಲ್ಲಿ ಐವತ್ತು ಅರವತ್ತು ವರ್ಷ ಉಳಿದುಬಂದಿದ್ದ ರೂಪ, ಅದರೊಳಗಿನ ತಪ್ಪು ಸ್ವರ, ಅರ್ಧಕ್ಕೇ ನಿಂತುಹೋಗುವ ಸಾಲು ಎಲ್ಲವೂ ಅಳಿಸಿಹೋಗಿ ಹೊಸದು ಅಲ್ಲಿ ಕೂತುಬಿಡುತ್ತದೆ. ಫೋನಿನಲ್ಲಿ ಗುನುಗನ್ನು ಮುದ್ರಿಸಿಕೊಂಡು, ಆಗ ಮನೆಯಲ್ಲಿ ಯಾರು ಏನು ಮಾಡುತ್ತಿದ್ದರು ಎಂಬ ಒಂದೇ ಪ್ರಶ್ನೆ ಕೇಳಿ ಸುಮ್ಮನಿರಿ.

ರಾಗವನ್ನು ಗುರುತಿಸುವುದು ನಂತರದ ಕೆಲಸ. ಕಹಳೆಗಳ ಗಂಭೀರ ಮೊಳಗಾಗಿದ್ದರೆ ಅದು ಬಹುಶಃ ಎಬಿಸಿ ವಾರ್ತೆಗಳ ‘ಮೆಜೆಸ್ಟಿಕ್ ಫ್ಯಾನ್‌ಫೇರ್’. 1932ರ ಜುಲೈ 1ರಂದು ಆರಂಭವಾದ ಈ ಸಾರ್ವಜನಿಕ ಪ್ರಸಾರ ಸಂಸ್ಥೆಯ ರೇಡಿಯೊ ವಾರ್ತೆಗಳಿಗೆ 1950ರ ದಶಕದಿಂದ ಮುನ್ನುಡಿಯಾಗಿರುವ ಈ ರಾಗವನ್ನು ರಚಿಸಿದವರು ಇಂಗ್ಲೆಂಡಿನ ಚಾರ್ಲ್ಸ್ ವಿಲಿಯಮ್ಸ್. 1988ರಲ್ಲಿ ರಿಚರ್ಡ್ ಮಿಲ್ಸ್ ಅದನ್ನು ಹೊಸದಾಗಿ ಸಂಯೋಜಿಸಿಕೊಟ್ಟರು, ಸಿಡ್ನಿ ಸಿಂಫನಿ ಆರ್ಕೆಸ್ಟ್ರಾ ನುಡಿಸಿತು. ಹಳೆಯ ಮುದ್ರಿಕೆ, ಹೊಸ ಮುದ್ರಿಕೆ ಎರಡನ್ನೂ ಕೊನೆಯಲ್ಲಿ ಕೇಳಿಸಿ, ನಿಮ್ಮದು ಯಾವುದು ಎಂದು ವಿಚಾರಿಸಿದರೆ ನೆನಪು 1988ರ ಈಚೆಯದೋ ಆಚೆಯದೋ ಎಂಬುದು ಅಲ್ಲಿಯೇ ತಿಳಿದುಬರುತ್ತದೆ.

ಹಳ್ಳಿಗಾಡಿನಲ್ಲಿ ಬೆಳೆದವರಾದರೆ ‘ಬ್ಲೂ ಹಿಲ್ಸ್’ ಧಾರಾವಾಹಿಯ ಮಾತು ಬಂದೇ ಬರುತ್ತದೆ. ಗ್ವೆನ್ ಮೆರೆಡಿತ್ ಬರೆದ ಈ ಕಥೆ 1949ರ ಫೆಬ್ರುವರಿಯಿಂದ 1976ರ ಸೆಪ್ಟೆಂಬರ್‌ವರೆಗೆ 5,795 ಕಂತುಗಳಲ್ಲಿ ಪ್ರಸಾರವಾಯಿತು. ಮಧ್ಯಾಹ್ನ ಒಂದು ಗಂಟೆಗೆ ಅದು ಶುರುವಾಗುತ್ತಿದ್ದುದರಿಂದ, ಹೊಲದಿಂದ ಊಟಕ್ಕೆ ಬಂದವರ ತಟ್ಟೆಯ ಸದ್ದೂ ಆ ರಾಗವೂ ಅನೇಕರ ನೆನಪಿನಲ್ಲಿ ಬೇರೆಬೇರೆಯಾಗಿ ಉಳಿದೇ ಇಲ್ಲ. ಅದರ ಟ್ಯೂನ್ ರೊನಾಲ್ಡ್ ಹ್ಯಾನ್ಮರ್ ಇಂಗ್ಲೆಂಡಿನಲ್ಲಿ ರಚಿಸಿದ ‘ಪ್ಯಾಸ್ಟೊರಾಲ್’ ಎಂಬ ಕೃತಿಯಿಂದ ಬಂದದ್ದು. 1975ರಲ್ಲಿ ಬ್ರಿಸ್ಬೇನ್‌ಗೆ ವಲಸೆ ಬಂದ ಮೇಲಷ್ಟೇ ತಮ್ಮ ರಾಗ ಒಂದು ದೇಶಕ್ಕೇ ಬಾಯಿಪಾಠವಾಗಿದೆಯೆಂದು ಅವರಿಗೆ ಗೊತ್ತಾಯಿತು. ಈ ಸಂಗತಿ ನನ್ನನ್ನು ಪ್ರತಿ ಸಲವೂ ಕಲಕುತ್ತದೆ. ಹುಡುಕುವವರಿಗೆ ಇದರಲ್ಲಿ ಒಂದು ಸುಳಿವೂ ಇದೆ: ಆ ಕಾಲದ ಅನೇಕ ಟ್ಯೂನ್‌ಗಳು ಕಾರ್ಯಕ್ರಮಕ್ಕಾಗಿಯೇ ರಚಿತವಾದವಲ್ಲ, ಯಾರು ಬೇಕಾದರೂ ಬಳಸಲೆಂದು ಲಂಡನ್ನಿನ ಸಂಗೀತ ಪ್ರಕಾಶಕರು ಮುದ್ರಿಸಿಟ್ಟಿದ್ದ ಸಂಗ್ರಹಗಳಿಂದ ಆರಿಸಿಕೊಂಡವು. ಕಾರ್ಯಕ್ರಮದ ಹೆಸರಿನಡಿ ರಾಗ ಸಿಗದಿದ್ದರೆ ಆ ಸಂಗ್ರಹಗಳಲ್ಲಿ ಹುಡುಕಬೇಕು.

ಕೇಂದ್ರದ ಹೆಸರು ಅರ್ಧಂಬರ್ಧ ನೆನಪಿದ್ದರೂ ಸಾಕು. ಅಲ್ಲಿನ ಕೇಂದ್ರಗಳ ಗುರುತಿನ ಮೊದಲ ಅಂಕಿ ರಾಜ್ಯವನ್ನು ಹೇಳುತ್ತದೆ: 2 ನ್ಯೂ ಸೌತ್ ವೇಲ್ಸ್, 3 ವಿಕ್ಟೋರಿಯಾ, 4 ಕ್ವೀನ್ಸ್‌ಲೆಂಡ್, 5 ದಕ್ಷಿಣ ಆಸ್ಟ್ರೇಲಿಯಾ, 6 ಪಶ್ಚಿಮ ಆಸ್ಟ್ರೇಲಿಯಾ, 7 ಟಾಸ್ಮೇನಿಯಾ. ಅಕ್ಷರಗಳಲ್ಲಿ ಕೇಂದ್ರ ಕಟ್ಟಿದವರ ಗುರುತಿರುತ್ತದೆ. ಪರ್ತ್‌ನ 6ಡಬ್ಲ್ಯುಎಫ್ ರೈತರ ಸಹಕಾರಿ ಕಂಪನಿ ವೆಸ್ಟ್ರೇಲಿಯನ್ ಫಾರ್ಮರ್ಸ್‌ನದಾಗಿತ್ತು. ಥಿಯಸಾಫಿಕಲ್ ಸೊಸೈಟಿ 1926ರಲ್ಲಿ ಆರಂಭಿಸಿದ ಸಿಡ್ನಿಯ 2ಜಿಬಿ, ತತ್ತ್ವಜ್ಞಾನಿ ಜೋರ್ಡಾನೊ ಬ್ರೂನೊನ ಹೆಸರನ್ನು ಹೊತ್ತಿತ್ತು. ಹೆಸರು ಬದಲಾದದ್ದೂ ಕಾಲವನ್ನು ಹೇಳುತ್ತದೆ. ‘ಡಬಲ್ ಜೆ’ ಎನ್ನುವವರು 1975ರ ಜನವರಿ 19ರಂದು ಸಿಡ್ನಿಯಲ್ಲಿ ಶುರುವಾದ ಯುವಜನರ ಕೇಂದ್ರದ ಮೊದಲ ವರ್ಷಗಳನ್ನು ಕೇಳಿದವರು. 1980ರಲ್ಲಿ ಎಫ್‌ಎಂಗೆ ಬಂದ ಮೇಲೆ ಅದು ‘ಟ್ರಿಪಲ್ ಜೆ’ ಆಯಿತು.

ಕನ್ನಡಿಗರ ಮನೆಗಳಲ್ಲೂ ಈ ಬಗೆಯ ನೆನಪೊಂದು ಇರಬಹುದು. ಅದನ್ನೂ ಇದೇ ಕ್ರಮದಲ್ಲಿ ದಾಖಲಿಸಿಕೊಳ್ಳಬಹುದು. 1939ರ ಡಿಸೆಂಬರ್‌ನಲ್ಲಿ ಆರಂಭವಾಗಿ ಮುಂದೆ ರೇಡಿಯೊ ಆಸ್ಟ್ರೇಲಿಯಾ ಎನಿಸಿಕೊಂಡ ವಿದೇಶ ಸೇವೆ ಶಾರ್ಟ್‌ವೇವ್‌ನಲ್ಲಿ ನಮ್ಮವರೆಗೂ ಬರುತ್ತಿತ್ತು. ಆಕಾಶವಾಣಿ ಬೆಳಗ್ಗೆ ಶುರುವಾಗುವ ಮುನ್ನ ಅದರ ರಾಗ ಬರುವಂತೆ, ಅಲ್ಲಿಂದ ‘ವಾಲ್ಟ್ಜಿಂಗ್ ಮಟಿಲ್ಡಾ’ದ ಧಾಟಿ ಕೀಲಿ ಕೊಟ್ಟ ಸಂಗೀತದ ಪೆಟ್ಟಿಗೆಯ ಸಣ್ಣ ಟಿಂಟಿಣಿಯಲ್ಲಿ ಮತ್ತೆಮತ್ತೆ ಕೇಳಿಬರುತ್ತಿತ್ತು, ಮಿಂಚುಳ್ಳಿಯ ಕುಲಕ್ಕೆ ಸೇರಿದ ಕುಕಬರಾ ಹಕ್ಕಿಯ ನಗೆಯೂ ಇರುತ್ತಿತ್ತು. ಗೊರಗೊರ ಸದ್ದಿನ ನಡುವೆ ಆ ಟಿಂಟಿಣಿ ಏರುತ್ತ ಇಳಿಯುತ್ತ ಸ್ಪಷ್ಟವಾಗುವವರೆಗೆ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಬೇಕಾಗಿತ್ತು. ಮೆಲ್ಬರ್ನ್‌ನಲ್ಲಿ ಬೆಳಗ್ಗೆ 11ಕ್ಕೆ ಶುರುವಾಗುವ ಆಟ ನಮ್ಮಲ್ಲಿ ನಸುಕಿನ ಐದೂವರೆಗೆ ಬರುತ್ತಿದ್ದುದರಿಂದ, ಕಂಬಳಿಯೊಳಗೆ ರೇಡಿಯೊ ಇಟ್ಟುಕೊಂಡು ವಿಶಿ ಶತಕ ಕೇಳಿದೆ ಎಂದು ತಂದೆಯೋ ಚಿಕ್ಕಪ್ಪನೋ ಹೇಳಿದರೆ, ಅದು 1981ರ ಫೆಬ್ರುವರಿಯ ಮೆಲ್ಬರ್ನ್ ಟೆಸ್ಟ್ ಆಗಿರಬಹುದು, ಅಲ್ಲಿ ಜಿ. ಆರ್. ವಿಶ್ವನಾಥ್ 114 ರನ್ ಗಳಿಸಿದ್ದರು, ಭಾರತ 59 ರನ್ನುಗಳಿಂದ ಗೆದ್ದಿತ್ತು. ಆ ಶಾರ್ಟ್‌ವೇವ್ ಸೇವೆ 2017ರ ಜನವರಿ 31ರಂದು ನಿಂತುಹೋದ ಕಾರಣ, ಇನ್ನು ಅದನ್ನು ಕೇಳಿದವರ ಬಾಯಿಂದಲೇ ತಿಳಿಯಬೇಕಾಗಿದೆ.

ನೆನಪು ದಾಖಲೆಗೆ ಹೊಂದದಿದ್ದಾಗ ಹಿರಿಯರನ್ನು ತಿದ್ದಲು ಹೋಗಬೇಡಿ. ಉದಾಹರಣೆಗೆ, 1938ರಲ್ಲಿ ಅಜ್ಜ ರಾತ್ರಿಯೆಲ್ಲ ಇಂಗ್ಲೆಂಡಿನ ಮೈದಾನದಿಂದಲೇ ಟೆಸ್ಟ್ ಕೇಳಿದರೆಂದು ಮನೆಯಲ್ಲಿ ಹೇಳುತ್ತ ಬಂದಿರಬಹುದು. ಆದರೆ ದಾಖಲೆಯ ಪ್ರಕಾರ, ಇಂಗ್ಲೆಂಡಿನಿಂದ ಬರುತ್ತಿದ್ದ ತಂತಿ ಸಂದೇಶಗಳನ್ನು ಓದಿಕೊಂಡು ಎಬಿಸಿಯ ವೀಕ್ಷಕವಿವರಣೆಕಾರರು ಸಿಡ್ನಿಯ ಸ್ಟುಡಿಯೊದಲ್ಲೇ ಕೂತು ಆಟವನ್ನು ಕಟ್ಟಿಕೊಡುತ್ತಿದ್ದರು. ಪೆನ್ಸಿಲಿನಿಂದ ಮರದ ತುಂಡಿಗೆ ಟಕ್ಕೆಂದು ತಟ್ಟಿದರೆ ಅದೇ ಬ್ಯಾಟಿನ ಸದ್ದು. ಅಜ್ಜ ಕೇಳಿದ್ದೂ ನಿಜ, ಸ್ಟುಡಿಯೊದಲ್ಲಿ ನಡೆದದ್ದೂ ನಿಜ. ಪುಟದ ಎಡಕ್ಕೆ ನೆನಪನ್ನು ಅವರ ಮಾತಿನಲ್ಲೇ ಬರೆದು, ಬಲಕ್ಕೆ ದಾಖಲೆಯಲ್ಲಿ ಸಿಕ್ಕಿದ್ದನ್ನು ಬರೆಯುವುದು ಉತ್ತಮ.

ಬಲಬದಿಯನ್ನು ತುಂಬಲು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಜಾಲತಾಣ ಸಾಕಷ್ಟು ನೆರವಾಗುತ್ತದೆ. ಹಳೆಯ ದಿನಪತ್ರಿಕೆಗಳು, ‘ವೈರ್‌ಲೆಸ್ ವೀಕ್ಲಿ’ಯಂಥ ರೇಡಿಯೊ ಪತ್ರಿಕೆಗಳು ಅಲ್ಲಿ ಉಚಿತವಾಗಿ ಸಿಗುತ್ತವೆ, ಆಯಾ ದಿನದ ಕಾರ್ಯಕ್ರಮಪಟ್ಟಿಯಲ್ಲಿ ಕೇಂದ್ರದ ಗುರುತು ಹಾಗೂ ಗಂಟೆಯನ್ನು ತಾಳೆ ನೋಡಿ. ಧ್ವನಿಗಾಗಿ ಕ್ಯಾನ್‌ಬೆರಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವನ್ನು ವಿಚಾರಿಸಬೇಕು.

ಮನೆಯಲ್ಲಿ ರೇಡಿಯೊದಿಂದ ಮುದ್ರಿಸಿಕೊಂಡ ಕ್ಯಾಸೆಟ್ ಸಿಕ್ಕರೆ, ಪ್ಲೇಯರಿಗೆ ಹಾಕುವ ಮೊದಲು ಅದರ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಹಾಕಿ. ಆಗ ಕೈತಪ್ಪಿಯೂ ಅದರ ಮೇಲೆ ಬೇರೇನೂ ಮುದ್ರಣವಾಗದು. ಸಡಿಲವಾದ ಟೇಪನ್ನು ಪೆನ್ಸಿಲಿನಿಂದ ಬಿಗಿಮಾಡಿ, ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ, ಆಮೇಲೆ ಕಂಪ್ಯೂಟರಿಗೆ 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಕಡತವಾಗಿ ಇಳಿಸಿಕೊಳ್ಳಿ. ನಡುವೆ ಬರುವ ನಾಯಿಯ ಬೊಗಳು, ತಾಯಿ ಯಾರನ್ನೋ ಊಟಕ್ಕೆ ಕರೆದದ್ದು ಇವನ್ನೆಲ್ಲ ಗದ್ದಲವೆಂದು ಕತ್ತರಿಸಬೇಡಿ. ಎಲ್ಲ ಮುಗಿದ ಮೇಲೆ ಬರೆದದ್ದನ್ನು ಹಿರಿಯರಿಗೆ ಓದಿ ಹೇಳಿ, ಅವರು ಸೇರಿಸಿದ್ದನ್ನು ಸೇರಿಸಿ, ಮೊದಲ ದಿನ ಮುದ್ರಿಸಿಕೊಂಡ ಗುನುಗನ್ನು ಅದೇ ಕಡತಕೋಶದಲ್ಲಿ ಮೊದಲನೆಯದಾಗಿ ಇಡಿ.