ಐದು ಮಂದಿ, ಐದು ಕೀಲಿಕೈ

"ಕುಡಿಯೋರ ಕೈಯಾಗ ಮನಿ ಕೊಟ್ರ ನಳ ಸೈತ ಕಿತ್ತು ಮಾರ್ತಾರ" ಅಂತ ನನಗೆ ಬುದ್ಧಿ ಹೇಳಿದವರೆಲ್ಲ ನನ್ನ ಹಾಗೆ ಮನೆಯಿಲ್ಲದವರ ಕೆಲಸದಲ್ಲೇ ಇರುವ ಗೆಳೆಯರು. ಬೀದಿಯಲ್ಲಿ ಮಲಗುತ್ತಿದ್ದ ಐದು ಗಂಡಸರಿಗೆ ಹುಬ್ಬಳ್ಳಿಯಲ್ಲಿ ನಾನು ಹಿಡಿದುಕೊಟ್ಟ ಬಾಡಿಗೆ ಮನೆಗೆ ಈಗ ಮೂರು ವರ್ಷ ತುಂಬುತ್ತ ಬಂತು. ನಳ ಇದ್ದಲ್ಲೇ ಇವೆ. ಸಿಲಿಂಡರ್ ಒಂದು ಹೋಯಿತು, ಅದನ್ನೂ ಹೇಳುತ್ತೇನೆ.

ಅದಕ್ಕೂ ಮೊದಲು ಇಂಥವರಿಗೆಂದೇ ಒಂದು ದೊಡ್ಡ ಹಾಲ್ ಹಿಡಿದು ಕೈ ಸುಟ್ಟುಕೊಂಡಿದ್ದೆ. ಹನ್ನೆರಡು ಮಂದಿ, ತಲೆಗೆ 50 ಚದರಡಿ, ರಿಜಿಸ್ಟರ್, ರಾತ್ರಿ ಒಂಬತ್ತಕ್ಕೆ ಗೇಟಿಗೆ ಕೀಲಿ. ಕುಡಿದು ಬಂದವನಿಗೆ ಒಳಗೆ ಜಾಗವಿಲ್ಲ. ಮೂರು ತಿಂಗಳಲ್ಲಿ ಒಂಬತ್ತು ಜನ ಖಾಲಿ, ಸುಮಾರು ಒಂದೂವರೆ ಲಕ್ಷ ನೀರಿಗೆ. ಹಳೇ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹಿರಿಯನನ್ನು, ಹಮಾಲಿ ಮಾಡಿ ಸವೆದವನು, ವಾಪಸು ಕರೆದೆ. ಅವನೆಂದ: "ಇಲ್ಲೆ ಚೀಲ ತಲಿಬುಡಕ ಇಟ್ಕೊಂಡು ಮಲಗ್ತೀನ್ರಿ. ಅಲ್ಲೂ ಹಂಗ ಮಲಗ್ತಿದ್ದೆ. ಫರಕ್ ಏನೈತಿ?"

ಮನೆಯಿಲ್ಲದವರಿಗೆ ಮೊದಲು ಮನೆ, ಕುಡಿತ ಬಿಡಿಸುವಂಥ ಮಿಕ್ಕಿದ್ದೆಲ್ಲ ಆಮೇಲೆ ಎನ್ನುವ ಪದ್ಧತಿ 1992ರಲ್ಲೇ ನ್ಯೂಯಾರ್ಕಿನಲ್ಲಿ ಶುರುವಾಗಿತ್ತು. ನನಗೆ ನಾಟಿದ್ದು ಮಾನಸಿಕ ಕಾಯಿಲೆಯವರಿಗಾಗಿ ದುಡಿಯುವ ಚೆನ್ನೈನ 'ದಿ ಬ್ಯಾನಿಯನ್' ಸಂಸ್ಥೆಯವರ 'ಹೋಮ್ ಅಗೇನ್': ವರ್ಷಗಟ್ಟಲೆ ಆಸ್ಪತ್ರೆ, ಆಶ್ರಮಗಳಲ್ಲೇ ಉಳಿದ ಹೆಂಗಸರು ನಾಲ್ಕೈದು ಮಂದಿ ಸೇರಿ ಮಾಮೂಲಿ ಓಣಿಯ ಬಾಡಿಗೆ ಮನೆಯಲ್ಲಿರುವುದು. ಗಂಡಸರಿಗೂ ನೋಡೋಣ ಅನ್ನಿಸಿತು.

ಹದಿನೇಳು ಮನೆ ನೋಡಿದೆ. ಬ್ಯಾಚುಲರ್ ಹುಡುಗರಿಗೇ ಕೊಡದವರು ಇವರಿಗೆ ಕೊಡುತ್ತಾರೆಯೇ? ಹದಿನೆಂಟನೆಯವರು ಒಪ್ಪಿದರು. ಅವರ ಮುಂದೆ ಯಾರನ್ನು ಕರೆದುಕೊಂಡು ಹೋಗಿ ಕೂರಿಸಿದೆ ಎಂಬುದನ್ನು ಮಾತ್ರ ಕೇಳಬೇಡಿ. ಮುಂಗಡ 60 ಸಾವಿರ, ಬಾಡಿಗೆ ಆಗ ಒಂಬತ್ತು, ಈಗ ಹತ್ತೂವರೆ. ಕರಾರಿನಲ್ಲಿ ಹಿರಿಯನ ಹೆಸರನ್ನೂ ಸೇರಿಸಿದೆ. ಆಧಾರ್ ವಿಳಾಸಕ್ಕೆ ಅದೇ ಆಸರೆಯಾಯಿತು, ಮುಂದೆ ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ತಿಂಗಳಿಗೆ ಬರತೊಡಗಿತು.

ಅಸಲು ಖರ್ಚು ಟ್ರಂಕು. ಒಂದಕ್ಕೆ 700ರ ಹಾಗೆ ಐದು ತಗಡಿನ ಟ್ರಂಕು, ಒಂದೊಂದಕ್ಕೂ ಕೀಲಿ, ಜೊತೆಗೆ ತಲೆಬಾಗಿಲಿನ ಕೀಲಿಕೈ ಐದು. ಆರನೆಯದನ್ನು ಮಾಡಿಸಲೇ ಇಲ್ಲ. ಮೊದಲ ವಾರ ಬಾಗಿಲು ಬಡಿದರೆ ಒಳಗಿನಿಂದ "ಮಲಗೇವಿ, ನಾಳೆ ಬರ್ರಿ" ಎಂಬ ಉತ್ತರ. ಬಾಡಿಗೆ ಕೊಟ್ಟವನು ನಾನು! ಸಿಟ್ಟಿನಲ್ಲೇ ಗಾಡಿ ಹತ್ತಿದವನು ಚನ್ನಮ್ಮ ಸರ್ಕಲ್ ದಾಟುವಷ್ಟರಲ್ಲಿ ಒಬ್ಬನೇ ನಗತೊಡಗಿದ್ದೆ.

ಐದನೇ ತಿಂಗಳು ಒಬ್ಬ ಸಿಲಿಂಡರ್ ಮಾರಿ ಕುಡಿದ. ಗೆಳೆಯರಿಗೆ ಹಬ್ಬ. ನಾನು ಹೊಸದು ಕೊಡಿಸಲಿಲ್ಲ, ಅವನನ್ನು ಹೊರಗೂ ಹಾಕಲಿಲ್ಲ. ಹತ್ತು ಹನ್ನೊಂದು ದಿನ ಐವರೂ ಸಿದ್ಧಾರೂಢ ಮಠದ ದಾಸೋಹಕ್ಕೆ ನಡೆದರು. ಆಮೇಲೆ ಉಳಿದ ನಾಲ್ವರೇ ಕೈಗಡ ತಂದು ಸಿಲಿಂಡರ್ ಹಾಕಿಸಿ, ಅವನಿಂದ ವಾರಕ್ಕೆ ನೂರರಂತೆ ವಸೂಲಿ ಮಾಡಿದರು. ಅಷ್ಟು ಖಡಕ್ ವಸೂಲಿ ನನ್ನ ಕೈಲಿ ಆಗುತ್ತಿರಲಿಲ್ಲ. ಇಬ್ಬರು ಈಗಲೂ ಕುಡಿಯುತ್ತಾರೆ, ಆದರೆ ಮನೆಗೆ ಬಂದು ಮಲಗುತ್ತಾರೆ. ಒಬ್ಬನಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನ ಗುಳಿಗೆ. ಅದು ತಪ್ಪದಂತೆ ನೋಡುವವನು ಆ ಸಿಲಿಂಡರ್ ಮಾರಿದವನೇ.

ಎಲ್ಲ ಸೇರಿ ತಿಂಗಳಿಗೆ 24–25 ಸಾವಿರ. ಕೆಲಸ ಸಿಕ್ಕಾಗ ಅವರೂ ಸಾವಿರದಂತೆ ಹಾಕುತ್ತಾರೆ. ನಡುವೆ ಮಿರ್ಚಿ ಭಜಿ ಗಾಡಿ ಹಾಕಿಸಿ ನೋಡಿದೆ. ಮಾರಿದ್ದಕ್ಕಿಂತ ತಿಂದದ್ದೇ ಹೆಚ್ಚು, ಎಂಟು ಸಾವಿರ ಲುಕ್ಸಾನು. ಗಾಡಿ ಈಗಲೂ ಹಿತ್ತಲಲ್ಲಿದೆ, ಅರಿವೆ ಒಣಹಾಕಲು.

ಓಣಿಯವರು ಮೊದಲು ಮಾಲಕರಿಗೆ ತಕರಾರು ಬರೆದುಕೊಟ್ಟಿದ್ದರು. ಎರಡನೇ ದಸರೆಗೆ ಹಿರಿಯ ಇಪ್ಪತ್ತು ರೂಪಾಯಿಯ ಬನ್ನಿ ತಂದು, ತಾಟಿನಲ್ಲಿ ಹರಡಿ, ಹೊಸ್ತಿಲ ಮೇಲೆ ಕೂತ. ಏಳಾಯಿತು, ಎಂಟಾಯಿತು. ಕಡೆಗೆ ಎದುರು ಮನೆಯ ಅಜ್ಜಿ ಮೊಮ್ಮಗನ ಕೈಹಿಡಿದು ಬಂದು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಅಂದಳು. ಆಮೇಲೆ ಒಬ್ಬೊಬ್ಬರೇ ಬಂದರು. ಜನ ಕೊಟ್ಟುಹೋದ ಎಲೆಗಳನ್ನು ಅವನು ಟ್ರಂಕಿನೊಳಗಿಟ್ಟು ಕೀಲಿ ಜಡಿದ.

"ಮುಂದಿನ ವರ್ಷ ಇಪ್ಪತ್ರದ್ದು ಸಾಲೂದಿಲ್ರಿ" ಅಂದ ನನಗೆ.