ಗ್ಯಾಸ್ ಒಲೆ ಹಚ್ಚುವ ಮೊದಲೇ ಫ್ಯಾನ್ ಹಾಕಿ

ಉರಿ ನೀಲಿಯಾಗಿದ್ದರೆ ಅಡುಗೆಮನೆಯ ಗಾಳಿಯೂ ಚೊಕ್ಕಟ ಎಂದು ನಂಬಿದವರೇ ಹೆಚ್ಚು. ನೀಲಿ ಉರಿ ಹೇಳುವುದು ಗ್ಯಾಸ್ ಸರಿಯಾಗಿ ಉರಿಯುತ್ತಿದೆ ಎಂದಷ್ಟೇ. ಆ ಕಾವಿಗೆ ಸುತ್ತಲಿನ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ. ಮನೆಯಲ್ಲಿ ಸೇರುವಷ್ಟು ಪ್ರಮಾಣದಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಶ್ವಾಸನಾಳವನ್ನು ಕೆರಳಿಸುತ್ತದೆ; ಉಬ್ಬಸ ಇರುವವರಿಗೆ, ಮಕ್ಕಳಿಗೆ ತೊಂದರೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದಕ್ಕೆ ಇಟ್ಟ ಮಿತಿ ದಿನದ ಸರಾಸರಿಯಲ್ಲಿ ಘನ ಮೀಟರಿಗೆ 25 ಮೈಕ್ರೋಗ್ರಾಂ. ಸೌದೆಯ ಹೊಗೆಗೆ ಹೋಲಿಸಿದರೆ ಗ್ಯಾಸ್ ಎಷ್ಟೋ ಮೇಲು, ಅದರಲ್ಲಿ ಅನುಮಾನವಿಲ್ಲ. ಹಾಗೆಂದು ಕಿಟಕಿ ಮುಚ್ಚಿ ಉರಿಸುವಂತಿಲ್ಲ.

ಘಾಟು ಎದ್ದಾಗ ಮಾತ್ರ ಎಕ್ಸಾಸ್ಟ್ ಫ್ಯಾನ್ ಹಾಕುವುದು ಸಾಮಾನ್ಯ ತಪ್ಪು. ಬರೀ ನೀರು ಕುದಿಸಿದರೂ ಈ ಅನಿಲ ಹುಟ್ಟುತ್ತದೆ. ಒಲೆ ಹಚ್ಚುವ ಮೊದಲೇ ಫ್ಯಾನ್ ಶುರುವಾಗಲಿ, ಆರಿಸಿದ ಮೇಲೂ 10–15 ನಿಮಿಷ ಓಡಲಿ.

ಫ್ಯಾನ್ ಓಡಿದರೆ ಸಾಲದು, ಹೊಸ ಗಾಳಿಗೆ ದಾರಿಯೂ ಬೇಕು. ಎಕ್ಸಾಸ್ಟ್ ಫ್ಯಾನಿನ ಪಕ್ಕದ ಕಿಟಕಿಯನ್ನೇ ತೆರೆದರೆ ಆ ಕಿಟಕಿಯ ಗಾಳಿಯೇ ಒಳಬಂದು ನೇರ ಫ್ಯಾನಿಗೆ ಹೋಗುತ್ತದೆ. ಒಲೆಯ ಮೇಲಿನದು ಅಲ್ಲೇ ಉಳಿಯುತ್ತದೆ. ಒಲೆಯ ಆಚೆ ಬದಿಯ ಬಾಗಿಲನ್ನೋ ಕಿಟಕಿಯನ್ನೋ ಒಂದು ಗೇಣು ತೆರೆಯಿರಿ. ಗಾಳಿ ನೇರವಾಗಿ ಉರಿಗೆ ಬಡಿಯಬಾರದು, ಉರಿ ಆರಿ ಗ್ಯಾಸ್ ಸೋರೀತು.

ಚಿಮಣಿ ಇದ್ದರೆ ಅದರ ಪೈಪು ಹೊರಗೆ ಹೋಗುತ್ತದೆಯೇ ನೋಡಿ. ಇದ್ದಿಲು ಫಿಲ್ಟರಿನಲ್ಲಿ ಸೋಸಿ ಗಾಳಿಯನ್ನು ಮತ್ತೆ ಕೋಣೆಗೇ ಬಿಡುವ ಬಗೆಯದು ಜಿಡ್ಡು, ವಾಸನೆ ಹಿಡಿದೀತು. ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡನ್ನು ಹಿಡಿಯದು. ಎಳೆತ ಪರೀಕ್ಷಿಸಲು, ಒಲೆ ಆರಿರುವಾಗ, ತೆಳು ಟಿಶ್ಯೂ ಕಾಗದವನ್ನು ಜಾಲರಿಗೆ ಹಿಡಿಯಿರಿ. ಅಂಟಿಕೊಂಡರೆ ಸರಿ, ಜಾರಿ ಬಿದ್ದರೆ ಜಾಲರಿಯಲ್ಲಿ ಜಿಡ್ಡು ಕಟ್ಟಿರಬಹುದು: ಬಿಸಿನೀರು, ಪಾತ್ರೆ ಸೋಪಿನಲ್ಲಿ ನೆನೆಸಿ ತೊಳೆಯಿರಿ. ಹಿಂದಿನ ಬರ್ನರಿನ ಹೊಗೆ ಚಿಮಣಿಗೆ ಚೆನ್ನಾಗಿ ಸಿಗುತ್ತದೆ, ಹೆಚ್ಚು ಹೊತ್ತು ಬೇಯುವುದನ್ನು ಅಲ್ಲೇ ಇಡಿ.

ಇನ್ನು ಉರಿಯ ಬಣ್ಣ. ಉಪ್ಪುನೀರು ಉಕ್ಕಿದಾಗ ಕೆಲ ಕ್ಷಣ ಕಿತ್ತಳೆ ಬಣ್ಣ ಕಂಡರೆ ಗಾಬರಿ ಬೇಡ. ಹಳದಿ ಉರಿ ಎತ್ತರಕ್ಕೆದ್ದು ಹಾಗೇ ನಿಂತರೆ, ಪಾತ್ರೆಯ ತಳಕ್ಕೆ ಮಸಿ ಹತ್ತಿದರೆ, ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿಯುತ್ತಿದೆ, ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತಿದೆ ಎಂದರ್ಥ. ಬರ್ನರ್ ಆರಿ ತಣ್ಣಗಾದ ಮೇಲೆ ಮೇಲಿನ ಬಿಲ್ಲೆ ತೆಗೆದು ಬಿಸಿ ಸೋಪುನೀರಿನಲ್ಲಿ 20 ನಿಮಿಷ ನೆನೆಸಿ. ಒಂದೊಂದು ತೂತನ್ನೂ ಸಣ್ಣ ಸೂಜಿಯಿಂದ ಬಿಡಿಸಿ. ಹಲ್ಲುಕಡ್ಡಿ ಬೇಡ, ತುದಿ ಮುರಿದು ಒಳಗೇ ಸಿಕ್ಕಿಕೊಳ್ಳುತ್ತದೆ. ತೂತನ್ನು ಅಗಲ ಮಾಡಲೂ ಬೇಡ. ಪೂರ್ತಿ ಒಣಗಿಸಿ, ಓರೆಯಾಗದಂತೆ ಕೂರಿಸಿ. ಆಮೇಲೂ ಹಳದಿಯೇ ಇದ್ದರೆ ಒಲೆ ಬಳಸದೆ ರಿಪೇರಿಯವರನ್ನು ಕರೆಸಿ. ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಸಣ್ಣ ತೂತಿನ ಜೆಟ್ಟಿಗೆ ನೀವೇ ಕೈ ಹಾಕಬೇಡಿ.

ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೇ ಬಂದು, ಹೊರಗೆ ಹೋದಾಗ ಇಳಿದರೆ ಇದನ್ನೇ ಶಂಕಿಸಿ. ಸಾಧ್ಯವಾದರೆ ಒಲೆ ಆರಿಸಿ, ಎಲ್ಲರೂ ಹೊರಬಂದು ವೈದ್ಯರ ನೆರವು ಪಡೆಯಿರಿ. ಚಳಿಗೆಂದು ಗ್ಯಾಸ್ ಒಲೆ ಉರಿಸಿ ಕೋಣೆ ಬೆಚ್ಚಗೆ ಮಾಡುವುದು ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡನ್ನು ಪತ್ತೆ ಮಾಡುವ ಅಲಾರಂ ಸಿಗುತ್ತದೆ. ಒಲೆಯ ನೆತ್ತಿಯ ಮೇಲಲ್ಲ, ತುಸು ದೂರದಲ್ಲಿ, ಜೊತೆಗೆ ಮಲಗುವ ಕೋಣೆಯ ಬಳಿಯೂ ಹಾಕಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿ. ಗ್ಯಾಸ್ ಸೋರಿಕೆಯನ್ನು ಹಿಡಿಯುವ ಅಲಾರಂ ಬೇರೆ, ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರು ಓದಿಕೊಳ್ಳಿ.